ಏಡಿಯ ಬಿಲದೊಳಗಿನ ನೀರು

ಹೊಳೆಯ ದಂಡೆಯ ಮೇಲೊಂದು ಮಠ. ಅಲ್ಲಿ ಅಡವಯ್ಯ ಅಂತ ಗುರುಗಳು. ಅವರಿಗೆ ಹೊನ್ನವ್ವ ಅಂತ ಒಬ್ಬಳೇ ಶಿಷ್ಯೆ. ಸುಮ್ಮನೆ ಕೂತು ಜಪ ಮಾಡು ಅಂದರೆ ಅವಳ ಕೈ ಕೇಳುತ್ತಿರಲಿಲ್ಲ. ಏನಾದರೊಂದು ಕಟ್ಟುತ್ತಿರಬೇಕು, ಬಿಚ್ಚುತ್ತಿರಬೇಕು.

ಬೇಸಿಗೆಯಲ್ಲಿ ಹೊಳೆ ಬತ್ತಿ ಒಂದು ಮಗ್ಗುಲಿಗೆ ಸರಿದಾಗ ಊರ ಹೆಂಗಸರು ಮಳಲಿನಲ್ಲಿ ಸವತೆಬಳ್ಳಿ ಹಾಕುತ್ತಿದ್ದರು. ಇಲ್ಲಿ ಮೋಡದ ಚೂರೂ ಇರುವುದಿಲ್ಲ, ಮೇಲೆಲ್ಲೋ ಗುಡ್ಡದಲ್ಲಿ ಮಳೆ ಹೊಡೆದರೆ ಹೊಳೆ ಹೇಳದೆ ಕೇಳದೆ ಬಂದುಬಿಡುತ್ತಿತ್ತು. ಬಗ್ಗಿ ಕಳೆ ಕೀಳುವವರಿಗೆ ನೀರು ಮೊಣಕಾಲಿಗೆ ಬಂದಾಗಲೇ ಗೊತ್ತಾಗುವುದು.

ಹೊನ್ನವ್ವ ಒಂದು ಉಪಾಯ ಹೂಡಿದಳು. ಒಣಗಿದ ಸೋರೆಬುರುಡೆಯನ್ನು ನೀರಿನಂಚಿನಲ್ಲಿ ತೇಲಿಬಿಟ್ಟು ಅದರ ಬೆನ್ನಿಗೊಂದು ಬಿದಿರ ಗಳ ಕಟ್ಟಿದಳು. ಬುರುಡೆ ಏರಿದರೆ ಗಳ ಒಂದು ಕಲ್ಲನ್ನು ದೂಡಬೇಕು, ಕಲ್ಲು ಬಿದ್ದು ಹಗ್ಗ ಜಗ್ಗಿ ಗಂಟೆ ಹೊಡೆಯಬೇಕು.

ಗಂಟೆ ಹೊಡೆಯಿತು. ಎಮ್ಮೆ ನೀರಿಗಿಳಿದರೂ ಹೊಡೆಯಿತು. ಗಾಳಿಗೆ ತೆರೆ ಎದ್ದರೂ ಹೊಡೆಯಿತು. ಹೊನ್ನವ್ವ ಪ್ರತಿ ಸಲ ಓಡಿಹೋಗಿ ಕಲ್ಲನ್ನು ಮತ್ತೆ ಮೇಲಿಡುವಳು.

ಮೊದಲ ದಿನ ಹೆಂಗಸರು ಸೀರೆ ಎತ್ತಿಕಟ್ಟಿ ದಂಡೆಗೆ ಓಡಿದರು. ಮೂರನೆಯ ದಿನ ನಕ್ಕರು. ವಾರ ಕಳೆಯುವುದರೊಳಗೆ ತಲೆ ಎತ್ತುವುದನ್ನೂ ಬಿಟ್ಟರು. ಅವರಲ್ಲಿ ಫಕೀರವ್ವ ಅನ್ನುವವಳಂತೂ ಹೊನ್ನವ್ವನ ಮುಖಕ್ಕೇ ಅಂದಳು:

"ನಿನ್ನ ಗಂಟಿಗಿಂತ ನಮ್ಮತ್ತೀನ ವಾಸಿ. ಆಕಿ ಉಣ್ಣೋ ಹೊತ್ತಿಗರೆ ಬಾಯಿ ಮುಚ್ಚತಿದ್ಲು."

ಆಮೇಲೊಂದು ದಿನ ನಿಜವಾಗಿಯೇ ನೀರು ಬಂತು. ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಕೊನೆಗೆ ಫಕೀರವ್ವನನ್ನು ಜಡೆ ಹಿಡಿದು ಎಳೆದು ದಂಡೆಗೆ ಹಾಕಬೇಕಾಯಿತು. ಜೀವ ಉಳಿಯಿತು, ಬಳ್ಳಿ ಹೋಯಿತು.

ಹೊನ್ನವ್ವ ಅಳುತ್ತ ಗುರುಗಳ ಹತ್ತಿರ ಬಂದಳು. ಇನ್ನೂ ದೊಡ್ಡ ಗಂಟೆ ತರುತ್ತೇನೆ, ಒಂದರ ಬದಲು ಎರಡು ಬುರುಡೆ ಕಟ್ಟುತ್ತೇನೆ ಅಂದಳು.

"ಗಂಟಿ ಕೇಳಿಸಲಿಲ್ಲಂತ ಅವರು ಏಳಲಿಲ್ಲೇನವ್ವಾ?" ಅಂದರು ಗುರುಗಳು.



ನೀರು ಇಳಿದ ಮೇಲೆ ಗುರುಗಳು ಅವಳನ್ನು ದಂಡೆಯ ಕೆಳಗೆ ಕರೆದೊಯ್ದು ಒಂದು ಏಡಿಯ ಬಿಲ ತೋರಿಸಿದರು. ಇದರ ಮುಂದೆ ಕೂಡು ಅಂದು ತಾವು ಮಠಕ್ಕೆ ಹೊರಟೇಬಿಟ್ಟರು.

ಕೂತಳು. ಬಿಲದ ತಳದಲ್ಲಿ ನೀರು, ನೀರಿನಲ್ಲಿ ಏಡಿ. ನಾಲ್ಕು ಹೆಜ್ಜೆ ಆಚೆ ಹೊಳೆ. ಎಮ್ಮೆಗಳು ಬಂದು ಹೊಳೆ ಕಲಕಿದವು, ಏಡಿ ಮಿಸುಕಲಿಲ್ಲ. ಗಾಳಿ ಎದ್ದು ತೆರೆ ದಂಡೆಗೆ ಬಡಿಯಿತು, ಬಿಲದ ನೀರಿನಲ್ಲಿ ಒಂದು ಗೆರೆ ಏಳಲಿಲ್ಲ.

ಮರುದಿನ ಗುರುಗಳು ಬುತ್ತಿ ತಂದು, ಏನು ಕಂಡೆ ಅಂತ ಕೇಳಿದರು.

"ಏನೂ ಇಲ್ರಿ ಅಪ್ಪಾರ. ಹೊಳಿ ಇಷ್ಟು ಕುಣೀತೈತಿ, ಇದಕ್ಕ ಖಬರೇ ಇಲ್ಲ. ಕಿವುಡ ಏಡಿ."

"ಕಿವುಡ ಇದ್ದರ ಹೊಳಿದಂಡ್ಯಾಗ ಇಷ್ಟು ದಿನ ಹೆಂಗ ಬದುಕೀತು?" ಅಂದು ಗುರುಗಳು ಎದ್ದುಹೋದರು.

ಮೂರನೆಯ ದಿನ ಗಾಳಿಯಿಲ್ಲ, ಎಮ್ಮೆಯಿಲ್ಲ, ಹೊಳೆ ಮಲಗಿದ ಹಾಗಿತ್ತು. ಬಿಲದೊಳಗೆ ಮಾತ್ರ ನೀರು ಸದ್ದಿಲ್ಲದೆ ಎರಡು ಬೆರಳು ಮೇಲೆ ಬಂತು. ಏಡಿ ಹೊಟ್ಟೆಗೆ ಮರಿಗಳನ್ನು ಅವಚಿಕೊಂಡು ಹೊರಗೆ ಬಂದು ಸರಸರ ದಂಡೆ ಹತ್ತಿತು. ಸ್ವಲ್ಪ ಹೊತ್ತಿಗೆ ಹೊಳೆ ಕೆಂಪಾಗಿ ಮೊಳದುದ್ದ ಉಬ್ಬಿತು.

ಹೊನ್ನವ್ವ ಗುದ್ದಲಿ ಹುಡುಕಿಕೊಂಡು ಓಡಿದಳು.

ದಂಡೆಯಲ್ಲಿ ಆಳದ ಗುಂಡಿ ತೋಡಿ, ಗುಂಡಿಗೂ ಹೊಳೆಗೂ ನಡುವೆ ಬೆರಳು ಗಾತ್ರದ ಬಿದಿರ ಕೊಳವೆ ಹೂತಳು. ಬುರುಡೆಯನ್ನು ಗುಂಡಿಯ ನೀರಿಗೆ ಬಿಟ್ಟಳು. ಎಮ್ಮೆ ಎಬ್ಬಿಸಿದ ತೆರೆ ಕೊಳವೆ ತೂರುವಷ್ಟರಲ್ಲಿ ಸತ್ತುಹೋಗುತ್ತಿತ್ತು. ಹೊಳೆಯೇ ಏರಿದರೆ ಮಾತ್ರ ಗುಂಡಿ ಏರಬೇಕು.

ಗಂಟೆ ಸುಮ್ಮನಾಯಿತು. ಹೆಂಗಸರು ಮತ್ತೆ ಬಳ್ಳಿ ಹಾಕಿದರು, ಹೂವಾಯಿತು, ಹೀಚಾಯಿತು, ಎರಡು ತಿಂಗಳು ಗಂಟೆಯ ಸೊಲ್ಲಿಲ್ಲ. ಅದರ ನಾಲಗೆ ಬಿದ್ದುಹೋಯಿತೇನು ಅಂತ ಫಕೀರವ್ವ ದಿನಾ ಹಂಗಿಸುವಳು. ಹೊನ್ನವ್ವನಿಗೂ ಒಳಗೊಳಗೇ ಅಳುಕು. ದಿನಕ್ಕೆ ಹತ್ತು ಸಲ ಗುಂಡಿಗೆ ಇಣುಕುವಳು.

ಒಂದು ಮಧ್ಯಾಹ್ನ ಹೆಂಗಸರು ಮಳಲಿನ ಮೇಲೆ ರೊಟ್ಟಿ ಬಿಚ್ಚಿ ಕೂತಾಗ ಗಂಟೆ ಹೊಡೆಯಿತು.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಎದ್ದವಳು ಫಕೀರವ್ವನೇ.

"ಎರಡು ತಿಂಗಳು ಸುಮ್ಮನಿದ್ದದ್ದು ಇವತ್ತು ಕೂಗಾಕತ್ತೈತಿ. ಏಳ್ರೇ, ಬುಟ್ಟಿ ಹೊರ್ರಿ."

ಕೊನೆಯವಳು ಸವತೆಕಾಯಿ ಬುಟ್ಟಿ ಹೊತ್ತು ದಂಡೆ ಹತ್ತಿ ತಿರುಗಿ ನೋಡಿದಾಗ ಮಳಲು ಇರಲಿಲ್ಲ, ಬರೀ ನೀರು.

ಸಂಜೆ ಹೊನ್ನವ್ವ ಗುರುಗಳ ಪಾದ ಮುಟ್ಟಿದಳು. ಮುಟ್ಟಿದವಳು ಸುಮ್ಮನಿರಲಿಲ್ಲ.

"ಗುಂಡಿ ತೋಡು ಅಂತ ಮೊದಲೇ ಹೇಳಬಹುದಿತ್ತಲ್ರಿ ಅಪ್ಪಾರ. ಮೂರು ದಿನ ಬಿಸಿಲಾಗ ಯಾಕ ಕೂಡಿಸಿದ್ರಿ?"

ಗುರುಗಳು ನಕ್ಕರು.

"ನನಗೆಲ್ಲಿ ಗೊತ್ತಿತ್ತವ್ವಾ. ಏಡಿಗೆ ಗೊತ್ತೈತಿ ಅನ್ನೋದಷ್ಟ ನನಗ ಗೊತ್ತಿತ್ತು."