ದಿವಾನರ ಬುತ್ತಿ ಡಬ್ಬಿ

ಹುಣಸಿಕೊಪ್ಪದ ಮಠವೆಂದರೆ ಹೆಸರಿಗಷ್ಟೇ ಮಠ. ಎರಡು ಅಂಕಣದ ಮಣ್ಣಿನ ಮನೆ, ಮುಂದೊಂದು ಬೇವಿನ ಮರ, ಹಿಂದೊಂದು ಬಾವಿ. ಪರಮಪೂಜ್ಯ ಮರಿದೇವಜ್ಜನವರು ಅಲ್ಲಿ ಗದ್ದುಗೆಯ ಮೇಲೆ ಕುಳಿತದ್ದನ್ನು ಕಂಡವರೇ ಇಲ್ಲ. ಅಂದು ಮುಂಜಾನೆಯೂ ಅವರು ಅಡುಗೆಮನೆಯ ಹೊಸ್ತಿಲ ಬಳಿ ಕುಳಿತು ಮೊರದಲ್ಲಿ ದಾಸೋಹದ ಜೋಳ ಹಸನು ಮಾಡುತ್ತಿದ್ದರು. ಆಗ ಸಂಸ್ಥಾನದ ದಿವಾನರ ಕುದುರೆಗಾಡಿ ಬಂದು ಬೇವಿನ ಕೆಳಗೆ ನಿಂತಿತು.

ದಿವಾನ ಅಡಿವೆಪ್ಪ ದೇಸಾಯರು ಮೂವತ್ತು ವರ್ಷ ಆಡಳಿತ ನಡೆಸಿದವರು. ಸಾಧುಸಂತರೆಂದರೆ ಅವರಿಗೆ ಅಷ್ಟಕ್ಕಷ್ಟೇ. ಬಂದದ್ದು ಭಕ್ತಿಯಿಂದಲ್ಲ, ಬೇರೆ ದಾರಿ ಕಾಣದೆ. ಬಿಳಿಕೊಪ್ಪ ಮತ್ತು ಸೂಡಿಹಾಳದವರು ಒಂದೇ ಹಳ್ಳದ ಒಡ್ಡಿನ ನೀರಿಗಾಗಿ ಹನ್ನೊಂದು ವರ್ಷದಿಂದ ಹೊಡೆದಾಡುತ್ತಿದ್ದರು. ಎರಡೂ ಊರಲ್ಲಿ ಒಂದೊಂದು ಹೆಣ ಬಿದ್ದಿತ್ತು. ದಿವಾನರು ಆರು ಸಲ ರಾಜಿ ಮಾಡಿಸಿದರು, ಆರೂ ಸಲ ಮುರಿದುಬಿತ್ತು. ಅರಸರಿಗೂ ಸಾಕಾಯಿತು. ಸೋಮವಾರದೊಳಗೆ ಊರವರು ಒಪ್ಪದಿದ್ದರೆ ಒಡ್ಡಿನ ಮೇಲೆ ಬಂದೂಕಿನವರು ನಿಲ್ಲಲಿ, ಏರಿ ಬಂದವರಿಗೆ ಗುಂಡು ಹೊಡೆಯಲಿ ಎಂದು ಅಪ್ಪಣೆಯಾಯಿತು. ಅಂದು ಶುಕ್ರವಾರ. ದಿವಾನರಿಗೆ ಮೂರು ರಾತ್ರಿಯಿಂದ ನಿದ್ದೆಯಿರಲಿಲ್ಲ.

"ಅಜ್ಜಾರ, ನೀರು ಅಳದು ಸರಿಯಾಗಿ ಎರಡು ಪಾಲು ಮಾಡೀನಿ. ಒಬ್ಬರ ಕಡೆ ವಾಲೀನಂತ ಯಾರೂ ಬೆರಳು ತೋರಸಂಗಿಲ್ಲ. ಮತ್ಯಾಕ ನನ್ನ ರಾಜಿ ನಿಲ್ಲವಲ್ದು?" ಎಂದರು ದಿವಾನರು.

ಅಜ್ಜನವರು ಜೋಳದಿಂದ ಕಣ್ಣೆತ್ತಲಿಲ್ಲ. "ರಾಜಿ ಮಾಡಿಸಿದ ದಿನ ಯಾರ ಮನ್ಯಾಗ ಉಂಡ್ರಿ?"

"ಯಾರ ಮನ್ಯಾಗೂ ಇಲ್ಲ!" ದಿವಾನರ ದನಿಯಲ್ಲಿ ಹೆಮ್ಮೆಯಿತ್ತು. "ನನ್ನ ಬುತ್ತಿ ನನ್ನ ಸಂಗಾಟ ಇರ್ತದ. ನೀರು ಸೈತ ಮನಿಯಿಂದ ತರ್ತೀನಿ."

"ಆರೂ ಸಲ?"

"ಆರೂ ಸಲ."

ಅಜ್ಜನವರು ಮೊರ ಕೆಳಗಿಟ್ಟರು. "ಎರಡೂ ಕಡೆ ಉಣಬೇಕಿತ್ರಿ, ದೇಸಾಯರ. ನೀವು ಅವರನ್ನ ನಂಬಲಿಲ್ಲ. ಅವರು ಒಬ್ಬರನ್ನೊಬ್ಬರು ಹೆಂಗ ನಂಬ್ಯಾರು? ಬುತ್ತಿ ಇಲ್ಲೇ ಸುರುವ್ರಿ. ಖಾಲಿ ಡಬ್ಬಿ ತಗೊಂಡು ಹೋಗ್ರಿ."

ಅಷ್ಟೇ. ಮತ್ತೆ ಮೊರ ಕೈಗೆ ತೆಗೆದುಕೊಂಡರು.

ರಾಜಿ ಮಾಡಿಸಿದವರು ಎರಡೂ ಮನೆಯಲ್ಲಿ ಒಂದೊಂದು ತುತ್ತು ತಿನ್ನುವುದು ಆ ಸೀಮೆಯ ರೂಢಿ, ಹಸುಳೆಗೂ ಗೊತ್ತು. ಕಾಗದಪತ್ರದ ನಡುವೆ ಕೂದಲು ನರೆಸಿಕೊಂಡ ದಿವಾನರಿಗೆ ಮಾತ್ರ ಅದು ಲಂಚದ ಹಾಗೆ ಕಂಡಿತ್ತು! ಈಗ ನೆನಪಾಯಿತು. ಪ್ರತಿ ಸಲವೂ ತಾವು ಒಡ್ಡಿನ ಬಳಿಯ ಆಲದ ಮರದ ಕೆಳಗೆ ಡಬ್ಬಿ ಬಿಚ್ಚುವಾಗ ಯಾರೋ ಒಬ್ಬರು ಮುಚ್ಚಿದ ತಾಟು ಹಿಡಿದುಕೊಂಡು ಬಂದು, ದೂರ ನಿಂತು, ಹಾಗೇ ತಿರುಗಿ ಹೋಗುತ್ತಿದ್ದರು. ದಿವಾನರಿಗೆ ನಾಚಿಕೆಯಾಯಿತು. ಯಾರ ಹಂಗೂ ಇಲ್ಲದಿರುವುದೇ ನ್ಯಾಯವೆಂದು ಮೂವತ್ತು ವರ್ಷ ನಂಬಿದ್ದರಲ್ಲ!

ಶನಿವಾರ ಮಧ್ಯಾಹ್ನ ಅವರು ಬಿಳಿಕೊಪ್ಪದಲ್ಲಿ, ಹೊಡೆದಾಟದಲ್ಲಿ ಸತ್ತವನ ಹೆಂಡತಿ ತುಂಗವ್ವನ ಬಾಗಿಲಿಗೆ ಹೋಗಿ, "ಹಸಿವಾಗೇದವ್ವಾ" ಎಂದರು. ಆಕೆ ಬೆಪ್ಪಾಗಿ ನಿಂತಳು. ಆಮೇಲೆ ರೊಟ್ಟಿ ಬಡಿದಳು, ಹುರುಳಿ ಸಾರು ನೀಡಿದಳು. ಉಂಡು ಕೈತೊಳೆದು, ಹಳ್ಳ ದಾಟಿ, ಸೂಡಿಹಾಳದಲ್ಲಿ ಆ ಕಡೆಯ ವಿಧವೆ ಸಿವಂತೆವ್ವನ ಮನೆಯಲ್ಲಿ ಮತ್ತೆ ತಾಟಿನ ಮುಂದೆ ಕುಳಿತರು. ಹೊಟ್ಟೆಯಲ್ಲಿ ಜಾಗವಿರಲಿಲ್ಲ ಪಾಪ, ಆದರೂ ಉಂಡರು.

ತುಂಗವ್ವನ ಮನೆಯಲ್ಲಿ ಉಂಡು ಬಂದದ್ದನ್ನು ಮುಚ್ಚಿಡಲಿಲ್ಲ. ಸಿವಂತೆವ್ವ ಕೇಳಿದಳು, "ಅಲ್ಲಿ ಏನು ನೀಡಿದ್ಲು?"

"ರೊಟ್ಟಿ, ಹುರುಳಿ ಸಾರು."

"ಸಾರಿಗೆ ಉಪ್ಪು ಹಾಕಿದ್ಲೇನ್ರಿ?"

"ಕಡಿಮಿ ಇತ್ತವ್ವಾ."

ಆಕೆ ಫಕ್ಕನೆ ನಕ್ಕಳು. ಮರುಕ್ಷಣ ಸೆರಗು ಬಾಯಿಗೊತ್ತಿಕೊಂಡು ಅತ್ತಳು. "ಮದಲಿಂದನೂ ಅಕಿ ಕೈ ಹಂಗ. ನನ್ನ ಚಿಗವ್ವನ ಮಗಳರೀ ಅಕಿ. ಹನ್ನೊಂದು ವರ್ಷಾತು ಮಾರಿ ನೋಡಿ." ದಿವಾನರ ಖಾಲಿ ಡಬ್ಬಿಯನ್ನು ತಾನೇ ಎಳೆದುಕೊಂಡು ಶೇಂಗಾ ಚಟ್ನಿ ತುಂಬಿದಳು. "ಇಷ್ಟು ಅಕಿಗೆ ಮುಟ್ಟಸ್ರಿ."

ರುಮಾಲು ಸುತ್ತಿದ ದಿವಾನರು ಚಟ್ನಿ ಡಬ್ಬಿ ಹಿಡಿದು ಮತ್ತೊಮ್ಮೆ ಹಳ್ಳ ದಾಟುವುದನ್ನು ಎರಡೂ ಊರು ನಿಂತು ನೋಡಿದವು.

ಸೋಮವಾರ ಬಂದೂಕಿನವರು ಬಂದರು. ಒಡ್ಡಿನ ಮೇಲೆ ಬಡಿಗೆ ಹಿಡಿದ ಒಬ್ಬ ಗಂಡಸೂ ಇರಲಿಲ್ಲ. ಇಬ್ಬರು ಹೆಂಗಸರು ಒಂದೇ ಬುತ್ತಿ ಬಿಚ್ಚಿ ಕುಳಿತಿದ್ದರು, ಅವರ ಹಿಂದೆ ಎರಡೂ ಊರಿನ ಹಿರಿಯರು. ಏಳನೆಯ ರಾಜಿಯಲ್ಲಿ ದಿವಾನರು ಒಂದಕ್ಷರವನ್ನೂ ಬದಲಿಸಲಿಲ್ಲ, ನೀರಿನ ಪಾಲು ಹಳೆಯದೇ. ಆದರೆ ಈ ಸಲ ಅದು ಮುರಿಯಲಿಲ್ಲ.

ಕೆಲವು ತಿಂಗಳ ಮೇಲೆ ದಿವಾನರು ಅಧಿಕಾರ ಬಿಟ್ಟು, ನಡೆದುಕೊಂಡೇ ಮಠಕ್ಕೆ ಬಂದರು. ಅಜ್ಜನವರ ಪಾದಕ್ಕೆ ಹಣೆ ಹಚ್ಚಿದರು.

"ಡಬ್ಬಿ ಎಲ್ಲಿ, ದೇಸಾಯರ?" ಎಂದರು ಪೂಜ್ಯರು.

"ತಿರುಗಿ ನನ್ನ ಕೈಗೆ ಬರಲೇ ಇಲ್ಲ, ಅಜ್ಜಾರ. ಒಮ್ಮೆ ಅಲ್ಲಿರ್ತದ, ಒಮ್ಮೆ ಇಲ್ಲಿರ್ತದ. ಖಾಲಿ ಕಳಸಾಕ ಇಬ್ಬರೂ ಒಲ್ಲರು."

ಅಜ್ಜನವರು ನಕ್ಕು ಮೊರವನ್ನು ಅವರ ಕಡೆ ಸರಿಸಿದರು. ದಿವಾನರು ರುಮಾಲು ತೆಗೆದು ಪಕ್ಕಕ್ಕಿಟ್ಟು, ದಾಸೋಹದ ಜೋಳ ಹಸನು ಮಾಡಲು ಕುಳಿತರು.