ಮಡಿಲಕ್ಕಿ ಬಂಡೆ

ತೊರೆಬೀರನಹಳ್ಳಿಯಿಂದ ಪೇಟೆಯ ಕಡೆಗೆ ಹೊರಟರೆ, ಹುಣಿಸೆತೋಪು ದಾಟಿದ ಕೂಡಲೇ ರಸ್ತೆಯ ಎಡಕ್ಕೆ ಒಂದು ಚಪ್ಪಟೆ ಬಂಡೆ ಸಿಗುತ್ತದೆ. ಸೊಂಟದೆತ್ತರವೂ ಇಲ್ಲದ, ದನ ಕಾಯುವವರು ಬುತ್ತಿ ಬಿಚ್ಚಲು ಕೂರುವಂಥ ಸಾಧಾರಣ ಬಂಡೆ. ಅದರ ನಡುವೆ ಮೊರದಷ್ಟು ಅಗಲದ ತಗ್ಗು. ಆ ತಗ್ಗಿನಲ್ಲಿ ಯಾವ ಕಾಲದಲ್ಲಿ ನೋಡಿದರೂ ನಾಲ್ಕು ಕಾಳು ಅಕ್ಕಿ ಇದ್ದೇ ಇರುತ್ತದೆ. ಅಳಿಲು, ಗೊರವಂಕಗಳಿಗೆ ಅದೇ ಅನ್ನಛತ್ರ. ಹೊಸಬರು ಯಾವುದೋ ದೇವರ ಗದ್ದುಗೆಯಿರಬೇಕೆಂದು ಕೈ ಮುಗಿಯುವುದುಂಟು. ಮುಗಿದರೆ ತಪ್ಪೇನೂ ಇಲ್ಲ. ಆದರೆ ಇದು ದೇವರ ಬಂಡೆಯಲ್ಲ, ಮಡಿಲಕ್ಕಿ ಬಂಡೆ. ಆ ಹೆಸರು ಬಂದದ್ದು ಸಮುದ್ರದಾಚೆಯಿಂದ ಬಂದ ಒಬ್ಬ ದಾದಿಯ ದೆಸೆಯಿಂದ ಎನ್ನುತ್ತಾರೆ.

ಹಿಂದೆ ಒಮ್ಮೆ, ಈ ಸೀಮೆಯ ಜನ ಬಸ್ಸನ್ನೇ ಕಾಣದಿದ್ದ ಕಾಲದಲ್ಲಿ, ಸ್ಕಾಟ್ಲೆಂಡ್ ಎಂಬ ಚಳಿನಾಡಿನ ಕಡಲತಡಿಯ ಊರೊಂದರಿಂದ ಐಸೊಬೆಲ್ ಎಂಬ ಹುಡುಗಿ ಹಡಗು ಹತ್ತಿ ಬಂದಳು. ತಂದೆ ಮೀನು ಹಿಡಿಯುವವನು. ತಾಯಿ ಇವಳನ್ನು ಹೆತ್ತ ಮಂಚದಿಂದ ಮತ್ತೆ ಏಳಲೇ ಇಲ್ಲ. ತನ್ನ ಕಣ್ಣೆದುರು ಇನ್ನೊಬ್ಬ ಬಾಣಂತಿ ಸಾಯಬಾರದು ಎಂಬ ಹಟಕ್ಕೆ ಬಿದ್ದು ಅವಳು ದಾದಿಯ ಕೆಲಸ ಕಲಿತಳಂತೆ. ಮಿಷನ್ನಿನವರು ಊರಾಚೆ ಒಂದು ಹೆಂಚಿನ ಆಸ್ಪತ್ರೆ ಕಟ್ಟಿಸಿ ಅವಳನ್ನು ಕೂರಿಸಿದರು. ಕೂತಳು, ಅಷ್ಟೇ, ಆ ಕಡೆ ಒಂದು ನರಪಿಳ್ಳೆಯೂ ಸುಳಿಯಲಿಲ್ಲ. ಊರಿಗೆ ಸೂಲಗಿತ್ತಿ ಮುದ್ದೀರಮ್ಮ ಇದ್ದಳು, ಬಿಳಿಯ ಬಟ್ಟೆಯ ದೊರೆಸಾನಿ ಯಾರಿಗೆ ಬೇಕಿತ್ತು? ಕಡೆಗೆ ಆ ಮುದ್ದೀರಮ್ಮನೇ ಒಂದು ಮಧ್ಯಾಹ್ನ ಆಸ್ಪತ್ರೆಯ ಬಾಗಿಲಿಗೆ ಬಂದು ನಿಂತಳು. ಊರಲ್ಲೊಂದು ಹೆರಿಗೆಯಲ್ಲಿ ಕೂಸು ಅಡ್ಡ ತಿರುಗಿ, ಅವಳ ಕೈಯಲ್ಲಿ ಆಗದೆ ಹೋಗಿತ್ತು. ಐಸೊಬೆಲ್‌ಳನ್ನು ಆ ಮನೆಯ ಹೊಸಿಲಿಗೆ ಕರೆತಂದು, "ನಿನ್ನ ಬೂಟು ಹೊರಗೆ ಬುಡು. ನಿನಗೆ ಏನು ಗೊತ್ತೋ ಅದನ್ನ ಒಳೀಕೆ ತಗೊಂಡು ಬಾ" ಎಂದಳು. ಆ ಹೊತ್ತು ಬದುಕಿ ಉಳಿದ ಕೂಸಿಗೆ ಓಬಯ್ಯ ಎಂದು ಹೆಸರಿಟ್ಟರು. ಐಸೊಬೆಲ್ ಅಂದಿನಿಂದ ಐಸವ್ವ ಆದಳು.

ಆಮೇಲೆ ಅವರಿಬ್ಬರದು ಎತ್ತಿನ ಜೋಡಿ. ಬೈದಾಡಿಕೊಳ್ಳುತ್ತಲೇ ಸುತ್ತಿನ ಹಳ್ಳಿಗಳ ಕೂಸುಗಳನ್ನೆಲ್ಲ ಭೂಮಿಗೆ ಇಳಿಸಿದರು. ಐಸವ್ವ ಕನ್ನಡ ಕಲಿತದ್ದೂ ಹೆರಿಗೆಯ ಕೋಣೆಗಳಲ್ಲೇ. ಹಾಗಾಗಿ ಅವಳಿಗೆ ಮೊದಲು ಬಂದವು ಬೈಗುಳ, ಆಮೇಲೆ ಜೋಗುಳ. ಬಾಣಂತಿ ತವರಿನಿಂದ ಗಂಡನ ಮನೆಗೆ ಹೊರಡುವ ದಿನ ಐಸವ್ವ ಬರಲೇಬೇಕು. ಒಳಗೆ ಹೆಂಗಸರು ಮಗಳಿಗೆ ಮಡಿಲು ತುಂಬುವಾಗ, ಅಕ್ಕಿ, ಬೆಲ್ಲ, ಕೊಬ್ಬರಿ, ಕುಪ್ಪಸದ ಕಣ ಸೆರಗಿಗೆ ಬೀಳುವಾಗ, ಕೂಸನ್ನು ಎತ್ತಿಕೊಂಡು ಹೊರಗೆ ಗಾಡಿಯ ಬಳಿ ನಿಲ್ಲುವುದು ಅವಳ ಪಾಲಿನ ಕೆಲಸ. ಆದ್ದರಿಂದಲೇ ಅವಳಿಗೆ ಒಂದು ಸಂಗತಿ ಎಷ್ಟೋ ವರ್ಷ ತಿಳಿಯಲೇ ಇಲ್ಲ. ಮಡಿಲು ತುಂಬಿಸಿಕೊಂಡ ಮಗಳು ಹೊಸಿಲು ದಾಟುವ ಮುನ್ನ ಅದರಿಂದ ಒಂದು ಹಿಡಿ ಅಕ್ಕಿಯನ್ನು ತವರಿಗೇ ತಿರುಗಿ ಬಿಡಬೇಕು; ಬಿಡದೆ ಹೋದರೆ ತವರು ಬರಿದಾಗುತ್ತದೆ ಎನ್ನುತ್ತಾರೆ.

ವರ್ಷಗಳು ಉರುಳಿದವು. ಐಸವ್ವನ ಕೆಂಚು ಕೂದಲು ಬೆಳ್ಳಗಾಯಿತು, ಮಂಡಿ ಹಿಡಿದುಕೊಂಡಿತು. ಮಿಷನ್ನಿನ ಹಿರಿಯರು ಬಂದು, ಹೊಸ ದಾದಿ ಬರುತ್ತಾಳೆ, ನೀವು ಇನ್ನು ಸ್ವದೇಶಕ್ಕೆ ಹೋಗಿ ವಿಶ್ರಮಿಸಬಹುದು ಎಂದು ಒಳ್ಳೆಯ ಮಾತಿನಲ್ಲೇ ಹೇಳಿದರು. ಸ್ವದೇಶದಲ್ಲಿ ಅವಳಿಗೆ ಯಾರಿದ್ದರು? ತಂದೆ ಎಂದೋ ಕಡಲಿನ ಪಾಲಾಗಿದ್ದ, ಹುಟ್ಟಿದ ಮನೆಯಲ್ಲಿ ಯಾರೋ ಬೇರೆಯವರಿದ್ದರು. ಆದರೆ ಹೇಳಿದ ಕಡೆ ಹೋಗುವುದು, ಹೇಳಿದ ಕಡೆ ಇರುವುದು ಅವಳಿಗೆ ಹುಡುಗಿಯಾಗಿದ್ದಾಗಿನಿಂದ ರೂಢಿ. ನಿನಗೆ ಹೋಗಲು ಮನಸ್ಸಿದೆಯೇ ಎಂದು ಒಬ್ಬರೂ ಕೇಳಲಿಲ್ಲ. ಅವಳೂ ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ಹೊರಡುವ ಬೆಳಿಗ್ಗೆ ಮುದ್ದೀರಮ್ಮ ಅವಳನ್ನು ತನ್ನ ಮನೆಗೆ ಕರೆದು ಮಣೆಯ ಮೇಲೆ ಕೂರಿಸಿದಳು. ಮದುವೆಯೇ ಆಗದವಳಿಗೆ ಮಡಿಲು ತುಂಬುವುದುಂಟೇ ಎಂದು ಒಬ್ಬಿಬ್ಬರು ಗೊಣಗಿದರು. "ಊರ ಕೂಸೆಲ್ಲ ಮೊದಲು ಬಿದ್ದಿದ್ದು ಇವಳ ಮಡಿಲಿಗೆ. ಅದನ್ನ ಬರಿದಾಗಿ ಕಳಿಸಿದ್ರೆ ನಮಗೇನು ಮರ್ವಾದೆ?" ಎಂದಳು ಮುದ್ದೀರಮ್ಮ. ಸೆರಗಿಲ್ಲದ ಐಸವ್ವ ತನ್ನ ಬಿಳಿಯ ಏಪ್ರನ್ನನ್ನೇ ಒಡ್ಡಿದಳು. ಅಕ್ಕಿ ಬೀಳುವ ಸದ್ದಿಗೆ ಅವಳ ಕಣ್ಣು ಮಂಜಾಯಿತು. ಏಪ್ರನ್ನಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಕಾಳೂ ಚೆಲ್ಲದಂತೆ ಹೊಸಿಲು ದಾಟಿ ಗಾಡಿ ಹತ್ತಿದಳು. ಹೆಂಗಸರು ಮುಖ ಮುಖ ನೋಡಿಕೊಂಡರು. ಮುದ್ದೀರಮ್ಮ ಬಾಯಿ ಬಿಡಲಿಲ್ಲ.

ಗಾಡಿ ಹೊಡೆಯುತ್ತಿದ್ದವನು ಅದೇ ಓಬಯ್ಯ, ಈಗ ಮೀಸೆ ನರೆತವನು. ಹುಣಿಸೆತೋಪು ದಾಟುವಾಗ ಹಿಂತಿರುಗಿ ಅವಳ ಮಡಿಲು ನೋಡಿ, "ಹೊಸಿಲ ಮೇಲೆ ಹಿಡಿ ಅಕ್ಕಿ ಬುಟ್ಟೆ ತಾನೇ ಅವ್ವ?" ಎಂದು ಕೇಳಿದ. ಯಾವ ಅಕ್ಕಿ ಎಂದಳು ಐಸವ್ವ. ಅವನು ವಿವರಿಸಿದಾಗ ಅವಳ ಮುಖ ಸುಣ್ಣದಂತಾಯಿತು. ಮುದ್ದೀರಿಯ ಮನೆ ಬರಿದಾಗುವುದೇ, ಅದೂ ತನ್ನಿಂದ? ಗಾಡಿ ತಿರುಗಿಸು ಎಂದಳು. ಮಡಿಲು ತುಂಬಿ ಹೊರಟ ಗಾಡಿಯನ್ನು ತಿರುಗಿಸಬಾರದೆಂದು ಓಬಯ್ಯ ತಲೆಯಾಡಿಸಿದ. ಅವಳು ಕೆಳಗಿಳಿದು, ದಾರಿ ಕಾಣದೆ, ಈ ಬಂಡೆಯ ಮೇಲೆ ಕೂತುಬಿಟ್ಟಳು. ಅಷ್ಟರಲ್ಲಿ ಮುದ್ದೀರಮ್ಮನೇ ಕೋಲೂರಿಕೊಂಡು, ಏದುಸಿರು ಬಿಡುತ್ತ ಬಂದಳು.

"ನೀನು ನೋಡಿದೆ. ಯಾಕೆ ಹೇಳಲಿಲ್ಲ?" ಎಂದಳು ಐಸವ್ವ.

"ಹೇಳಿದ್ರೆ ಹಿಡಿ ಅಕ್ಕಿ ಬುಟ್ಟು ಹೊಂಟೋಗ್ತಿದ್ದೆ. ನನಗೆ ನೀನು ಹೋಗೋದು ಇಷ್ಟ ಇಲ್ಲ ಕಣೆ. ನಿನಗೆ ಇಷ್ಟ ಐತಾ?"

ಐಸವ್ವ ಒಂದು ಹಿಡಿ ಅಕ್ಕಿ ತೆಗೆದು ಬಂಡೆಯ ತಗ್ಗಿಗೆ ಹಾಕಿದಳು. ಇನ್ನೊಂದು ಹಿಡಿ ಹಾಕಿದಳು. ಆಮೇಲೆ ಎದ್ದು ನಿಂತು ಏಪ್ರನ್ನನ್ನು ಪೂರ್ತಿ ಕೊಡವಿದಳು. ಬೆಲ್ಲ, ಕೊಬ್ಬರಿ, ಕಣ ಎಲ್ಲವೂ ಬಂಡೆಯ ಮೇಲೆ ಬಿದ್ದವು.

"ಮಡಿಲು ಬರಿದಾದ ಮೇಲೆ ಅದು ಹೊರಟ ಗಾಡಿಯಲ್ಲ ಕಣ್ಲಾ ಓಬ, ತಿರುಗ್ಸು" ಎಂದಳು ಮುದ್ದೀರಮ್ಮ.

ಐಸವ್ವ ಆಮೇಲೂ ಬಹುಕಾಲ ಬದುಕಿದಳು. ಮುದ್ದೀರಮ್ಮನ ಪಡಸಾಲೆಯಲ್ಲಿ ಕೂತು, ಹೊಸ ದಾದಿಗೆ ಬುದ್ಧಿ ಹೇಳುತ್ತ, ಗೆಳತಿಯೊಡನೆ ಜಗಳವಾಡುತ್ತ ಹಣ್ಣುಹಣ್ಣಾಗಿ ತೀರಿಕೊಂಡಳು. ಅವಳ ಸಮಾಧಿ ಹುಣಿಸೆತೋಪಿನಲ್ಲೇ ಇದೆ; ಕಲ್ಲಿನ ಮೇಲಿನ ಅಕ್ಷರ ಸವೆದುಹೋಗಿದೆ. ಈಗ ಎತ್ತಿನ ಗಾಡಿಯಿಲ್ಲ, ಆಟೋ, ಕಾರುಗಳಿವೆ. ಆದರೂ ಈ ಊರಿನ ಹೆಣ್ಣುಮಕ್ಕಳು ತವರಿನ ಹಿಡಿ ಅಕ್ಕಿಯನ್ನು ಹೊಸಿಲ ಮೇಲೆ ಬಿಡುವುದಿಲ್ಲ. ಇಲ್ಲಿ ಇಳಿದು, ಒಮ್ಮೆ ಊರ ಕಡೆ ತಿರುಗಿ ನೋಡಿ, ಬಂಡೆಯ ತಗ್ಗಿಗೆ ಹಾಕಿ ಹೋಗುತ್ತಾರೆ. ಎಂದೋ ಒಬ್ಬಳು, ಮುಂದಿನ ದಾರಿ ಹಿಡಿಯಲು ಮನಸ್ಸೊಪ್ಪದವಳು, ಮಡಿಲನ್ನು ಪೂರ್ತಿ ಸುರಿದುಬಿಡುವುದೂ ಉಂಟು. ಆಗ ಗಾಡಿ ಸುಮ್ಮನೆ ತಿರುಗುತ್ತದೆ. ಏಕೆ ಬಂದೆ ಎಂದು ತೊರೆಬೀರನಹಳ್ಳಿಯಲ್ಲಿ ಯಾರೂ ಅವಳನ್ನು ಕೇಳುವುದಿಲ್ಲ. ಪಡಸಾಲೆ ಗುಡಿಸಿ ಚಾಪೆ ಹಾಸುತ್ತಾರೆ.