ಕಸಕ್ಕೂ ಬಹುಪರಾಕ್

"ನಮ್ಮ ಹೊನ್ನಾಪುರದ ಬೀದಿಯಲ್ಲಿ ಪಾಯಸ ಚೆಲ್ಲಿದರೂ ಬಳಿದು ಉಣ್ಣಬಹುದು!" ಎಂದು ದೊರೆ ವೀರಕೀರ್ತಿ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಸಭೆ ಭಲೇ ಎನ್ನುವಷ್ಟರಲ್ಲಿ ಬಡಗಣ ಕಿಟಕಿಯಿಂದ ಗಾಳಿ ಬೀಸಿತು. ಭಲೇ ಎನ್ನಲು ತೆರೆದ ಬಾಯಿಗಳೆಲ್ಲ ಉತ್ತರೀಯದೊಳಗೆ ಅಡಗಿದವು. ಕೋಟೆಯ ಬಡಗಣ ಬಾಗಿಲಾಚೆ ಊರ ಕಸದ ಗುಂಡಿ ಇತ್ತು. ಹಿಂದಿನ ಎರಡು ಗುಂಡಿಗಳು ತುಂಬಿ ದಿಬ್ಬವಾಗಿದ್ದವು. ಇದೂ ಮುಕ್ಕಾಲು ತುಂಬಿತ್ತು.

"ಏನಿದು ನಾತ?" ದೊರೆ ಗುಡುಗಿದ.

ಮಂತ್ರಿ ಸೋಮಪಯ್ಯ ಎದ್ದ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಆಸಾಮಿ ಅವನು. "ಗುಂಡಿ ತುಂಬುತ್ತಾ ಬಂದಿದೆ ಪ್ರಭು. ಪಕ್ಕದಲ್ಲೇ ಸಂಕವ್ವ ಎಂಬವಳ ಬದನೆ ತೋಟವಿದೆ. ಅಲ್ಲಿ ಇನ್ನೊಂದು ತೋಡಿಸಿದರಾಯಿತು."

"ಅದೂ ತುಂಬಿದರೆ?"

"ಅದರಾಚೆ ಇನ್ನೊಬ್ಬರ ತೋಟವಿದೆ."

"ಹೀಗೇ ತೋಡುತ್ತಾ ಹೋದರೆ ನಾನು ಆಳುವುದು ಊರನ್ನೋ, ಗುಂಡಿಗಳನ್ನೋ? ನನಗೆ ತುಂಬದ ಗುಂಡಿ ಬೇಕು!"

ಬೆಳಿಗ್ಗೆಯೇ ಮಂತ್ರಿಯ ಆಳುಗಳು ತೋಟ ಅಳೆದದ್ದು ಕಂಡು ಓಡಿ ಬಂದಿದ್ದ ಸಂಕವ್ವ ಬಾಗಿಲಲ್ಲೇ ಸೆರಗೊಡ್ಡಿದಳು. "ಬುದ್ಧೀ, ಆ ತೋಟ ಬಿಟ್ರೆ ನಂಗೆ ಬೇರೆ ಗತಿ ಇಲ್ಲ. ಬದನೆಕಾಯಿ ಮಾರಿದ್ರೇನೇ ನಮ್ಮನೆ ಒಲೆ ಉರಿಯೋದು."

ಆಸ್ಥಾನದ ಜಾಣ ಬೊಮ್ಮರಸನಿಗೆ ಹೊಟ್ಟೆಯಲ್ಲಿ ಚುರುಕ್ಕೆಂದಿತು. ಅರ್ಧ ಕರುಣೆ. ಇನ್ನರ್ಧ, ಅವಳ ಎಳೆ ಬದನೆಯ ಎಣ್ಣೆಗಾಯಿಯ ನೆನಪು.

"ಪ್ರಭು, ಈಗಿರುವ ಗುಂಡಿಯೇ ಯುಗಾದಿಯವರೆಗೆ ತುಂಬದಂತೆ ನೋಡಿಕೊಳ್ಳುತ್ತೇನೆ. ತುಂಬಿದರೆ ಸಂಕವ್ವನ ತೋಟದ ಜೊತೆ ನನ್ನ ಹಿತ್ತಲನ್ನೂ ತೋಡಿಸಿ."

ಮಂತ್ರಿಯ ಮುಖ ಅರಳಿತು. ದೊರೆ ಕೇಳಿದ, "ಅದಕ್ಕೇನು ಬೇಕು? ಆಳೋ, ಗಾಡಿಯೋ?"

"ತಮ್ಮ ಹೊಗಳುಭಟ ಗುರುಸಿದ್ಧ ಬೇಕು."

"ಕಸದ ಗುಂಡಿಯಲ್ಲಿ ಅವನಿಗೇನು ಕೆಲಸ?"

"ಇಲ್ಲಿ ಸಭೆಯಲ್ಲಿ ಮಾಡುವ ಕೆಲಸವೇ ಪ್ರಭು, ಹೊಗಳುವುದು. ಹೊಗಳಿಸಿಕೊಳ್ಳದೆ ಯಾರ ಮನೆಯ ಕಸವೂ ಗುಂಡಿಗೆ ಬೀಳಕೂಡದೆಂದು ಅಪ್ಪಣೆಯಾಗಲಿ."

ದೊರೆಗೆ ಹೊಗಳಿಕೆಯೆಂದರೆ ಪ್ರಾಣ. ಒಪ್ಪಿಬಿಟ್ಟ.

ಮರುದಿನ ಗುಂಡಿಯ ಬಾಯಲ್ಲಿ ಊರೇ ನೆರೆಯಿತು. ನ್ಯಾಯ ಎಲ್ಲರಿಗೂ ಒಂದೇ ಎಂದು ಬೊಮ್ಮರಸ ಮೊದಲು ತನ್ನ ಮನೆಯ ಕುಕ್ಕೆಯನ್ನೇ ಇಟ್ಟ. ಗುರುಸಿದ್ಧ ಕೋಲಿನಿಂದ ಕೆದಕಿ, ಎದೆಯುಬ್ಬಿಸಿ ಕೂಗಿದ: "ಜಾಣ ಬೊಮ್ಮರಸರ ಮನೆಯಿಂದ ಬಿಜಯಂಗೈದ, ಸೀದು ಕರಿಕಲಾದ ಹುಳಿ, ಒಂದು ಗಡಿಗೆ! ಬಹುಪರಾಕ್!"

ಜನ ಘೊಳ್ಳೆಂದರು. ಮನೆಗೆ ಹೋದ ಮೇಲೆ ಹೆಂಡತಿ ಬೊಮ್ಮರಸನಿಗೆ ಹಾಕಿದ ಪರಾಕನ್ನು ಇಲ್ಲಿ ಹೇಳುವಂತಿಲ್ಲ.

ಆಮೇಲೆ ಬಂದದ್ದು ಮಂತ್ರಿಯ ಗಾಡಿ. "ಮಹಾಮಂತ್ರಿ ಸೋಮಪಯ್ಯನವರ ಮನೆಯಿಂದ ಬಿಜಯಂಗೈದ, ತುಪ್ಪದಲ್ಲಿ ಮಿಂದ, ಅರ್ಧ ಕಚ್ಚಿ ಬಿಟ್ಟ ಹೋಳಿಗೆಗಳು! ಬಹುಪರಾಕ್!"

ಗುಂಪಿನಲ್ಲಿದ್ದ ಮಂತ್ರಿಯ ಭಾವಮೈದ ಮುಂದೆ ನುಗ್ಗಿದ. "ಭಾವ! ನಿನ್ನೆ ನಾನು ಬಂದಾಗ ಮನೆಯಲ್ಲಿ ಬೆಲ್ಲದ ಚೂರೂ ಇಲ್ಲ ಅಂದಿರಲ್ಲ!"

"ಅದು... ಹಬ್ಬದ ಹೋಳಿಗೆ. ಹಳೆಯದು."

"ಇನ್ನೂ ಮೆತ್ತಗಿದೆ ಭಾವ."

ಅಷ್ಟು ಸಾಕಾಯಿತು. ಊರಿನವರೆಲ್ಲ ಕುಕ್ಕೆ ಎತ್ತುವ ಮುಂಚೆ ಒಳಗೆ ಇಣುಕತೊಡಗಿದರು. ಉಂಡ ಎಲೆ ದನದ ಮುಂದೆ ಬಿತ್ತು, ಸಿಪ್ಪೆಯೆಲ್ಲ ತಿಪ್ಪೆ ಸೇರಿತು, ಬೂದಿ ಪಾತ್ರೆ ಬೆಳಗಿತು. ತಿಪ್ಪೆಗೊಬ್ಬರ ಕೇಳಿಕೊಂಡು ತೋಟದವರು ಮನೆ ಬಾಗಿಲಿಗೇ ಬಂದರು. ಗುಂಡಿಗೆ ಉಳಿದದ್ದು ಒಡೆದ ಮಡಕೆ, ಹೆಂಚು, ಬಳೆಚೂರು. ಯಾವುದಕ್ಕೂ ಬಾರದ ಇಂಥವಕ್ಕೆ ಊರಿಗೊಂದು ಗುಂಡಿ ಬೇಕೇ ಬೇಕು. ಆದರೆ ಬರೀ ಇಂಥವುಗಳಿಂದ ಅದು ತುಂಬಲು ಮೊಮ್ಮಕ್ಕಳ ಕಾಲವಾಗಬೇಕು. ಕೂಗಲು ಏನೂ ಸಿಗದೆ ಗುರುಸಿದ್ಧ ಗುಂಡಿಯಂಚಲ್ಲಿ ತೂಕಡಿಸುತ್ತಿದ್ದ.

ಸೋಮಪಯ್ಯ ಮಾತ್ರ ಸುಮ್ಮನಿರಲಿಲ್ಲ. ಇಷ್ಟು ದಿನ ಅರಮನೆಯ ಕಸವನ್ನು, ಗಾಳಿ ಸಭೆಯತ್ತ ಬೀಸದ ಹಿಂದಿನ ಅಂಗಳದಲ್ಲೇ ಗುಡ್ಡೆ ಹಾಕಿಸುತ್ತಾ ಬಂದಿದ್ದ. ಯುಗಾದಿಯ ಮುನ್ನಾದಿನ ಅಷ್ಟನ್ನೂ ಗಾಡಿಗಳಿಗೆ ಹೇರಿಸಿ, ದೊರೆಯನ್ನೂ ಕುದುರೆ ಹತ್ತಿಸಿ ಕರೆದುಕೊಂಡು ಬಂದ.

ಬೊಮ್ಮರಸ ಗಾಡಿಗಳ ಸಾಲನ್ನು ಎಣಿಸಿದ. ಅಷ್ಟೂ ಬಿದ್ದರೆ ಗುಂಡಿ ತುಂಬುವುದು ಖಂಡಿತ. ಪಕ್ಕದ ಬೇಲಿಯಾಚೆ ಸಂಕವ್ವ ಬದನೆ ಗಿಡಗಳ ನಡುವೆ ನಿಂತು ಕಣ್ಣೀರಿಡುತ್ತಿದ್ದಳು.

"ಸುರಿಯಿರಿ!" ಎಂದ ಮಂತ್ರಿ.

"ತಡೆಯಿರಿ," ಎಂದ ಬೊಮ್ಮರಸ. "ಮೊದಲು ಹೊಗಳಿಕೆ. ದೊರೆಯ ಅಪ್ಪಣೆ."

ಗುರುಸಿದ್ಧನಿಗೆ ಬಾಯಲ್ಲಿ ಬಿಸಿತುಪ್ಪ. ನುಂಗುವಂತಿಲ್ಲ, ಉಗುಳುವಂತಿಲ್ಲ. ದೊರೆಯೇ ಗತ್ತಿನಿಂದ ಹೇಳಿದ, "ಕೂಗು. ನನ್ನ ಅರಮನೆಯ ಕಸವೂ ಹೊಗಳಿಕೆಗೆ ತಕ್ಕದ್ದೇ."

"ರಾಜಾಧಿರಾಜ ವೀರಕೀರ್ತಿ ಮಹಾರಾಜರ ಅರಮನೆಯಿಂದ ಬಿಜಯಂಗೈದ, ಒಬ್ಬರ ಬಾಯಿಗೂ ಬೀಳದೆ ಬೂಷ್ಟು ಹಿಡಿದ ಲಾಡು, ಒಂದು ಗಾಡಿ! ಒಮ್ಮೆಯೂ ಹಾಸದೆ ಗೆದ್ದಲು ತಿಂದ ಜಮಖಾನ, ಒಂದು ಗಾಡಿ! ಯಾರೂ ಮುಡಿಯದೆ ಕೊಳೆತ ಮಲ್ಲಿಗೆ..." ಕೊನೆಯ ಬಹುಪರಾಕ್ ಕೂಗದೆ ಕೋಲು ಕೆಳಗಿಟ್ಟ.

ಯಾರೂ ನಗಲಿಲ್ಲ. ನಗುವ ಧೈರ್ಯ ಯಾರಿಗಿತ್ತು? ದೊರೆಯ ಕಿವಿ ಕೆಂಪಾಯಿತು.

"ಬೊಮ್ಮರಸ! ಸಭೆಯಲ್ಲಿ ನನ್ನನ್ನು ಸೂರ್ಯ ಚಂದ್ರ ಎನ್ನುತ್ತಿದ್ದ ಬಾಯಿ ಅದು. ಇಲ್ಲಿಗೆ ತಂದು ಕೆಡಿಸಿಬಿಟ್ಟೆಯಲ್ಲ!"

"ಕೆಡಿಸಿಲ್ಲ ಪ್ರಭು. ಅಲ್ಲಿ ನೋಡದೆ ಹೊಗಳುತ್ತಿದ್ದ. ಇಲ್ಲಿ ಕೆದಕಿ ನೋಡಿ ಹೊಗಳುತ್ತಾನೆ."

ದೊರೆ ಗಾಡಿಯ ಲಾಡನ್ನೊಮ್ಮೆ, ಗುರುಸಿದ್ಧನ ಕೋಲನ್ನೊಮ್ಮೆ ನೋಡಿದ. ಆಮೇಲೆ ನಕ್ಕ ನೋಡಿ, ಅವನ ಕುದುರೆಯೇ ಬೆದರಿತು. "ಗಾಡಿ ತಿರುಗಿಸಿ! ಗುಂಡಿ ತುಂಬಲಿಲ್ಲ, ಬೊಮ್ಮರಸ ಗೆದ್ದ. ಸಂಕವ್ವ, ತೋಟ ನಿನ್ನದೇ."

ಸಂಕವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒರೆಸಿದ ಕಣ್ಣು ನೇರ ಗಾಡಿಯ ಮೇಲೆ ಹೋಯಿತು. "ತಿರುಗ್ಸೋದ್ಯಾಕೆ ಬುದ್ಧೀ? ಲಾಡು, ಹೂವು ಎಲ್ಲಾ ನಂಗೇ ಕೊಡ್ಸಿ. ಒಳ್ಳೆ ಗೊಬ್ಬರ ಆಯ್ತದೆ."

"ತಗೋ! ಜೊತೆಗೆ ಇನ್ನೇನು ಬೇಕೋ ಕೇಳು."

ಸಂಕವ್ವ ಸೋಮಪಯ್ಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಮಂತ್ರಿಗಳಿಗೆ ನನ್ನ ತೋಟದಲ್ಲಿ ಗುಂಡಿ ತೋಡೋ ಆಸೆ ಶಾನೆ ಇತ್ತಲ್ಲ ಬುದ್ಧೀ, ಗುದ್ದಲಿ ಕೊಟ್ಟು ಕಳಿಸ್ಕೊಡಿ. ಬದನೆ ಸಸಿಗೆ ಗೇಣುದ್ದ ತೋಡಿದ್ರೆ ಸಾಕು."